ನಿಂತ ಬೈಕ್ ಸ್ಟಾರ್ಟ್ ಆಗ್ತಿಲ್ವಾ? ಸೆಲ್ಫ್ ಒತ್ತುವ ಮೊದಲು ಇಷ್ಟು ನೋಡಿ

ಚಳಿಗಾಲ ಮುಗಿಯುತ್ತಿದ್ದ ಹಾಗೆ ಓದುಗರು ಕೇಳುವ ಪ್ರಶ್ನೆ ಒಂದೇ. ಮೂರು ನಾಲ್ಕು ತಿಂಗಳು ಬೈಕ್ ಮುಚ್ಚಿಟ್ಟಿದ್ದೆ, ನಿಲ್ಲಿಸುವಾಗ ಚೆನ್ನಾಗೇ ಓಡ್ತಿತ್ತು, ಈಗ ಸ್ಟಾರ್ಟೇ ಆಗ್ತಿಲ್ಲ, ಏನ್ ಮಾಡಲಿ? ಜೊತೆಗೆ ಇನ್ನೊಂದು ಮಾತು ಇದ್ದೇ ಇರುತ್ತದೆ: ಬೆಳಿಗ್ಗೆಯಿಂದ ಸೆಲ್ಫ್ ಹೊಡೀತಾನೇ ಇದ್ದೀನಿ.

ದಯವಿಟ್ಟು ಮೊದಲು ಅದನ್ನು ನಿಲ್ಲಿಸಿ. ತಿಂಗಳುಗಟ್ಟಲೆ ನಿಂತ ಬೈಕ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ತೊಂದರೆ, ಅದೂ ಚಿಕ್ಕದು. ಸುಮ್ನೆ ಸೆಲ್ಫ್ ಒತ್ತುತ್ತಾ ಹೋದರೆ ಅಷ್ಟೋ ಇಷ್ಟೋ ಉಳಿದ ಬ್ಯಾಟರಿಯೂ ಇಳಿದುಹೋಗುತ್ತದೆ, ಪ್ಲಗ್ ಪೆಟ್ರೋಲಿನಲ್ಲಿ ನೆನೆಯುತ್ತದೆ, ಸ್ಟಾರ್ಟರ್ ಮೋಟರ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಆಮೇಲೆ ಮೊದಲಿನಿಂದ ಇದ್ದ ತೊಂದರೆ ಯಾವುದು, ನಾವಾಗಿಯೇ ಮಾಡಿಕೊಂಡದ್ದು ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಎಂಜಿನ್ ಓಡಬೇಕು ಅಂದ್ರೆ ನಾಲ್ಕು ಬೇಕು. ಪೆಟ್ರೋಲ್, ಗಾಳಿ, ಕಿಡಿ, ಮತ್ತೆ ಕಂಪ್ರೆಷನ್. ಕಂಪ್ರೆಷನ್ ಅಂದರೆ ಪಿಸ್ಟನ್ ಮೇಲೇರಿದಾಗ ಒಳಗಿನ ಗಾಳಿ ಮತ್ತು ಪೆಟ್ರೋಲ್ ಬಿಗಿಯಾಗಿ ಒತ್ತಿಕೊಳ್ಳುವುದು. ಬೈಕ್ ನಿಂತಲ್ಲೇ ನಿಂತಾಗ ಇವೆಲ್ಲ ಒಂದೇ ಸಮ ಕೆಡುವುದಿಲ್ಲ. ಮೊದಲು ಕೈಕೊಡುವುದು ಬ್ಯಾಟರಿ. ಆಮೇಲೆ ಪೆಟ್ರೋಲ್. ಎಂಜಿನ್ ಒಳಭಾಗ ಕೆಡುವುದು ತೀರಾ ಅಪರೂಪ. ಹಾಗಾಗಿ ಹುಡುಕುವುದನ್ನೂ ಇದೇ ಕ್ರಮದಲ್ಲಿ ಮಾಡಬೇಕು. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲೇ ಕಾರ್ಬ್ಯುರೇಟರ್, ಅಂದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ, ಬಿಚ್ಚಿ ಹರಡಿಕೊಂಡು ಕೂರುತ್ತಾರೆ, ಕೊನೆಗೆ ನೋಡಿದರೆ ಫ್ಯೂಸ್ ಹೋಗಿರುತ್ತದೆ.

ಶುರು ಮಾಡುವ ಮೊದಲು

ದೊಡ್ಡ ಸಾಮಾನೇನೂ ಬೇಡ. ಒಂದು ಮಲ್ಟಿಮೀಟರ್ ಬೇಕು. ಇದು ವೋಲ್ಟೇಜ್ ಅಳೆಯುವ ಪುಟ್ಟ ಸಾಧನ, ಸಾಧಾರಣ ದರ್ಜೆಯದ್ದೇ ಸಾಕು. ನಾಲ್ಕಾರು ಸ್ಪ್ಯಾನರ್, ಸ್ಕ್ರೂಡ್ರೈವರ್, ನಿಮ್ಮ ಬೈಕ್‌ಗೆ ಹೊಂದುವ ಪ್ಲಗ್ ಸ್ಪ್ಯಾನರ್, ಬೈಕ್ ಬ್ಯಾಟರಿಯ ಚಾರ್ಜರ್, ಸಣ್ಣ ಎಮರಿ ಪೇಪರ್, ಒಂದು ಪಾರದರ್ಶಕ ಗಾಜಿನ ಬಾಟಲಿ, ಟಾರ್ಚ್, ಸ್ವಲ್ಪ ಹೊಸ ಪೆಟ್ರೋಲ್ ಇರಲಿ. ಬೈಕ್ ಜೊತೆ ಬಂದ ಮ್ಯಾನ್ಯುಯಲ್ ಪುಸ್ತಕವನ್ನೂ ಹುಡುಕಿ ಇಟ್ಟುಕೊಳ್ಳಿ. ಫ್ಯೂಸ್ ಎಲ್ಲಿದೆ, ಪ್ಲಗ್ ಯಾವುದು, ಯಾವ ಆಯಿಲ್ ಅಂತ ಅದರಲ್ಲೇ ಇರುತ್ತದೆ.

ಬೈಕನ್ನು ಬಯಲಿಗೆ ತನ್ನಿ. ಆಗದಿದ್ದರೆ ಬಾಗಿಲು ಪೂರ್ತಿ ತೆಗೆದಿಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿಕೊಂಡು ದೂರದ ಕಿಡಿಯನ್ನೂ ಮುಟ್ಟಬಹುದು. ಹತ್ತಿರದಲ್ಲಿ ಸಿಗರೇಟು, ಸ್ಟವ್, ಹೀಟರ್ ಯಾವುದೂ ಬೇಡ.

ಹಂತ 1: ಸ್ವಿಚ್‌ಗಳು ಮತ್ತು ಆಯಿಲ್ ಮಟ್ಟ

ಇದು ಎರಡು ನಿಮಿಷದ ಕೆಲಸ, ಆದರೂ ಬಿಡಬೇಡಿ. ಬಲಗೈ ಹ್ಯಾಂಡಲ್ ಹತ್ತಿರದ ಕಿಲ್ ಸ್ವಿಚ್ ನೋಡಿ. ಎಂಜಿನ್ ತಟ್ಟನೆ ಆಫ್ ಮಾಡಲು ಇರುವ ಕೆಂಪು ಬಟನ್ ಅದು. ಬೈಕ್ ಮೇಲೆ ಹೊದಿಕೆ ಎಳೆಯುವಾಗ ತಾನಾಗಿಯೇ ಆಫ್ ಆಗಿರಬಹುದು. ಕೀ ತಿರುಗಿಸಿದಾಗ ನ್ಯೂಟ್ರಲ್ ಲೈಟ್ ಬರಬೇಕು. ಸೈಡ್ ಸ್ಟ್ಯಾಂಡ್ ಮೇಲೆತ್ತಿ, ಕ್ಲಚ್ ಹಿಡಿಯಿರಿ. ಈಗಿನ ಬಹಳಷ್ಟು ಬೈಕ್‌ಗಳಲ್ಲಿ ಸ್ಟ್ಯಾಂಡಿಗೂ ಕ್ಲಚ್ಚಿಗೂ ಒಂದೊಂದು ಸೇಫ್ಟಿ ಸ್ವಿಚ್ ಇರುತ್ತದೆ. ಅದರಲ್ಲಿ ಧೂಳು ಕೂತರೆ ಅಥವಾ ತುಕ್ಕು ಹಿಡಿದರೆ ಸೆಲ್ಫ್ ಸುಮ್ಮನಾಗಿಬಿಡುತ್ತದೆ. ಸ್ಟ್ಯಾಂಡನ್ನು ಹತ್ತಾರು ಸಲ ಮೇಲೆ ಕೆಳಗೆ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಎತ್ತಿಡುವಾಗ ಬೈಕ್ ಒಂದು ಪಕ್ಕಕ್ಕೆ ಬಿದ್ದಿತ್ತಾ? ಹಾಗಿದ್ದರೆ ನೆಟ್ಟಗೆ ನಿಲ್ಲಿಸಿ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬೈಕ್ ಬಿದ್ದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಹಲವು ಬೈಕ್‌ಗಳಲ್ಲಿದೆ, ಕೀ ಆಫ್ ಮಾಡುವ ತನಕ ಅದು ಹಾಗೇ ಕೂತಿರುತ್ತದೆ.

ಇನ್ನೊಂದು ಮುಖ್ಯ ವಿಷಯ ಎಂಜಿನ್ ಆಯಿಲ್. ಕಾರ್ಬ್ಯುರೇಟರ್ ಬೈಕ್ ನಿಲ್ಲಿಸುವಾಗ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕ್ ಕೆಳಗಿನ ನಲ್ಲಿ, ತೆರೆದೇ ಇದ್ದರೆ ಪೆಟ್ರೋಲ್ ನಿಧಾನಕ್ಕೆ ಎಂಜಿನ್ನಿಗೆ ಇಳಿದಿರಬಹುದು. ಆಯಿಲ್ ಮಟ್ಟ ಇರಬೇಕಾದ್ದಕ್ಕಿಂತ ಜಾಸ್ತಿ ಕಾಣುತ್ತಿದ್ದರೆ, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಸೆಲ್ಫ್ ಮುಟ್ಟಲೇಬೇಡಿ. ಪೆಟ್ರೋಲ್ ಬೆರೆತ ಆಯಿಲ್ ನೀರಾಗಿರುತ್ತದೆ, ಬೇರಿಂಗುಗಳನ್ನು ಕಾಪಾಡುವುದಿಲ್ಲ. ಸಿಲಿಂಡರಿನಲ್ಲೇ ಪೆಟ್ರೋಲ್ ನಿಂತಿದ್ದರಂತೂ ಪಿಸ್ಟನ್ ಅದನ್ನು ಒತ್ತಲಾಗದೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ಪ್ಲಗ್ ತೆಗೆದು ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿ ಖಾಲಿ ಮಾಡಿ, ಆಯಿಲ್ ಬದಲಿಸಿ, ಆಮೇಲೆ ಮುಂದಿನ ಮಾತು.

ಹಂತ 2: ಒಂದೇ ಸಲ ಒತ್ತಿ, ಕಿವಿಗೊಟ್ಟು ಕೇಳಿ

ಈಗ ಸೆಲ್ಫನ್ನು ಎರಡು ಸೆಕೆಂಡ್ ಒತ್ತಿ ಬಿಡಿ. ಬೈಕ್ ಯಾವ ಸದ್ದು ಮಾಡಿತು ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಏನೂ ಸದ್ದಿಲ್ಲ, ಮೀಟರ್ ಲೈಟೂ ಬರಲಿಲ್ಲ ಅಂದರೆ ಬ್ಯಾಟರಿ ಪೂರ್ತಿ ಸತ್ತಿದೆ, ಇಲ್ಲವೇ ಮೇನ್ ಫ್ಯೂಸ್ ಹೋಗಿದೆ, ಇಲ್ಲವೇ ಬ್ಯಾಟರಿಗೆ ವೈರ್ ಜೋಡಿಸುವ ಟರ್ಮಿನಲ್ ಬಿಟ್ಟಿದೆ. ಲೈಟ್ ಚೆನ್ನಾಗಿ ಉರಿಯುತ್ತಿದೆ, ಆದರೆ ಸೆಲ್ಫ್ ಮಾತಾಡುವುದೇ ಇಲ್ಲ ಅಂದರೆ ಮತ್ತೆ ಹಂತ 1ಕ್ಕೆ ಹೋಗಿ, ಸ್ವಿಚ್‌ಗಳೇ ಕಾರಣ ಇರಬಹುದು.

ಟಕಟಕಟಕ ಅಂತ ಬೇಗಬೇಗ ಸದ್ದು, ಜೊತೆಗೆ ಮೀಟರ್ ಲೈಟ್ ಮಂಕು: ಇದು ಇಳಿದ ಬ್ಯಾಟರಿಯದ್ದೇ ಸದ್ದು. ಸ್ಟಾರ್ಟರ್ ರಿಲೇ, ಅಂದರೆ ಮೋಟರಿಗೆ ದೊಡ್ಡ ಕರೆಂಟ್ ಹರಿಸುವ ಸ್ವಿಚ್, ಹಿಡಿದುಕೊಳ್ಳಲು ನೋಡಿ ಶಕ್ತಿ ಸಾಲದೆ ಬಿಡುತ್ತಿದೆ. ಟಕ್ ಅಂತ ಒಂದೇ ಸಲ ಸದ್ದು ಬಂದು ಸುಮ್ಮನಾದರೆ ಟರ್ಮಿನಲ್ ಸಡಿಲ, ರಿಲೇ ಅಥವಾ ಸ್ಟಾರ್ಟರ್ ಮೋಟರ್ ತೊಂದರೆ, ಅಥವಾ ಎಂಜಿನ್ ಜಾಮ್.

ಎಂಜಿನ್ ಎಂದಿನ ವೇಗದಲ್ಲಿ ಚೆನ್ನಾಗಿ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿ ಬಿಟ್ಟುಬಿಡಿ. ನೇರ ಹಂತ 4ಕ್ಕೆ, ಪೆಟ್ರೋಲಿಗೆ ಹೋಗಿ.

ಮುಂದೆ ಯಾವಾಗ ಸೆಲ್ಫ್ ಒತ್ತಿದರೂ ಒಂದು ಸಲಕ್ಕೆ 5 ಸೆಕೆಂಡಿಗಿಂತ ಜಾಸ್ತಿ ಬೇಡ. ನಡುವೆ ಹತ್ತು ಹದಿನೈದು ಸೆಕೆಂಡ್ ಬಿಡುವು ಕೊಡಿ.

ಹಂತ 3: ಬ್ಯಾಟರಿ

ಕೀ ಆಫ್ ಇದ್ದರೂ ಗಡಿಯಾರ, ಅಲಾರಂ, ಕಳವು ತಡೆಯುವ ಇಮ್ಮೊಬಿಲೈಸರ್ ಚೂರುಚೂರೇ ಕರೆಂಟ್ ಎಳೆಯುತ್ತವೆ. ಏನನ್ನೂ ಜೋಡಿಸದಿದ್ದರೂ ಬ್ಯಾಟರಿ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬ್ಯಾಟರಿ ಹಿಡಿದಿಟ್ಟುಕೊಳ್ಳುವುದಿಲ್ಲ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕೀ ಆಫ್ ಇರುವಾಗ ಕೆಂಪು ಕಡ್ಡಿಯನ್ನು ಪ್ಲಸ್ಸಿಗೂ ಕಪ್ಪನ್ನು ಮೈನಸ್ಸಿಗೂ ಮುಟ್ಟಿಸಿ. 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದರೆ 12.6ರಿಂದ 12.8 ತೋರಿಸುತ್ತದೆ. 12.4 ಇದ್ದರೆ ಪ್ರಯತ್ನ ಮಾಡಬಹುದು. 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. 11.5ಕ್ಕೂ ಕೆಳಗೆ ಹೋಗಿ ಬಹಳ ದಿನ ಆಗಿದ್ದರೆ ಹೊಸ ಬ್ಯಾಟರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಬರೀ ಈ ಅಂಕಿ ನೋಡಿ ಬ್ಯಾಟರಿ ಚೆನ್ನಾಗಿದೆ ಅಂತ ತೀರ್ಮಾನಿಸುವುದು ದೊಡ್ಡ ತಪ್ಪು. ಮೀಟರ್ ಕಡ್ಡಿಗಳನ್ನು ಹಾಗೇ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. ಆಗ ವೋಲ್ಟೇಜ್ ಸ್ವಲ್ಪ ಇಳಿಯುವುದು ಸಹಜ. 10ರ ಆಸುಪಾಸು ನಿಂತರೆ ಸರಿ. ಸುಮ್ನೆ ಇದ್ದಾಗ 12.6 ತೋರಿಸಿ, ಸೆಲ್ಫ್ ಒತ್ತಿದ ಕೂಡಲೇ 8ಕ್ಕೋ 7ಕ್ಕೋ ಕುಸಿದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ.

ಟರ್ಮಿನಲ್‌ಗಳನ್ನೂ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಎಮರಿ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಚೂರು ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಪ್ಲಸ್ ಮೊದಲು. ಯಾಕಂದ್ರೆ ಬೈಕ್‌ನ ಚಾಸಿ ಪೂರ್ತಿ ಮೈನಸ್. ಮೈನಸ್ ಜೋಡಿಸಿರುವಾಗ ಪ್ಲಸ್ ಬಿಚ್ಚುತ್ತಿದ್ದು ಸ್ಪ್ಯಾನರ್ ಚಾಸಿಗೆ ತಗುಲಿತೋ, ಅಲ್ಲೇ ಶಾರ್ಟ್ ಆಗಿ ಕಿಡಿ ಹಾರುತ್ತದೆ.

ಚಾರ್ಜ್ ಮಾಡುವಾಗ ನಿಧಾನವೇ ಒಳ್ಳೆಯದು. ಬ್ಯಾಟರಿ ಎಷ್ಟು ಆಂಪಿಯರ್-ಅವರ್ ಅಂತ ಅದರ ಮೇಲೆ ಬರೆದಿರುತ್ತದೆ. ಅದರ ಹತ್ತನೇ ಒಂದು ಭಾಗ ಕರೆಂಟ್ ಸಾಕು. 5 ಆಂಪಿಯರ್-ಅವರ್ ಬ್ಯಾಟರಿಗೆ 0.5 ಆಂಪಿಯರ್, 9ರದ್ದಕ್ಕೆ 0.9. ತುಂಬಿದ ಮೇಲೆ ತಾನೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ಇದ್ದರೆ ನಿಶ್ಚಿಂತೆ. ಕಾರ್ ಬ್ಯಾಟರಿಯ ದೊಡ್ಡ ಚಾರ್ಜರಿಗೆ ಹಾಕಬೇಡಿ, ಪುಟ್ಟ ಬ್ಯಾಟರಿ ಕಾದು ಉಬ್ಬುತ್ತದೆ. ಲಿಥಿಯಂ ಬ್ಯಾಟರಿ ಹಾಕಿಸಿದ್ದರೆ ಅದರದ್ದೇ ಚಾರ್ಜರ್ ಬೇಕು, ಮೇಲೆ ಹೇಳಿದ ವೋಲ್ಟೇಜ್ ಲೆಕ್ಕವೂ ಅದಕ್ಕೆ ನಡೆಯುವುದಿಲ್ಲ. ನೀರು ಹಾಕುವ ಹಳೇ ಮಾದರಿಯದ್ದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಮೈ ಉಬ್ಬಿದ, ಸೀಳಿದ, ಅಥವಾ ಚಳಿಗೆ ಒಳಗೇ ಹೆಪ್ಪುಗಟ್ಟಿದ ಬ್ಯಾಟರಿಯನ್ನು ಚಾರ್ಜ್ ಮಾಡಲು ಹೋಗಬೇಡಿ, ಸ್ಫೋಟವಾಗಬಹುದು. ಇಳಿದ ಬ್ಯಾಟರಿ ಕೊರೆಯುವ ಚಳಿಯಲ್ಲಿ ತುಂಬಿದ ಬ್ಯಾಟರಿಗಿಂತ ಬಹಳ ಬೇಗ ಹೆಪ್ಪುಗಟ್ಟುತ್ತದೆ.

ತುರ್ತಿಗೆ ಕಾರ್ ಬ್ಯಾಟರಿಯಿಂದ ಜಂಪ್ ಕೊಡಬಹುದು, ಆದರೆ ಕಾರಿನ ಎಂಜಿನ್ ಆಫ್ ಇರಬೇಕು. ಕೆಂಪು ಕೇಬಲನ್ನು ಎರಡೂ ಬ್ಯಾಟರಿಗಳ ಪ್ಲಸ್ಸಿಗೆ ಹಾಕಿ. ಕಪ್ಪನ್ನು ಕಾರ್ ಬ್ಯಾಟರಿಯ ಮೈನಸ್ಸಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಬೈಕ್ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ, ಕೊನೆಗೆ ಕಚ್ಚಿಸಿ. ಕೊನೆಯ ಜೋಡಣೆಯಲ್ಲಿ ಕಿಡಿ ಬರುತ್ತದೆ, ಬ್ಯಾಟರಿ ಬಾಯಲ್ಲಿ ಹೈಡ್ರೋಜನ್ ಇರುತ್ತದೆ, ಅದಕ್ಕೇ ಈ ದೂರ. ತೆಗೆಯುವಾಗ ಹಿಂದುಮುಂದಾಗಿ ತೆಗೆಯಿರಿ.

ಕಿಕ್ಕರ್ ಇದೆಯಲ್ಲ, ಬ್ಯಾಟರಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಹಳೇ ಕಾರ್ಬ್ಯುರೇಟರ್ ಬೈಕ್‌ಗಳಲ್ಲಿ ಹಲವು ಬ್ಯಾಟರಿ ಇಲ್ಲದೆಯೂ ಕಿಕ್ಕಿಗೆ ಹತ್ತಿಕೊಳ್ಳುತ್ತವೆ. ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬೈಕ್ ಹಾಗಲ್ಲ. ಅದರ ಪೆಟ್ರೋಲ್ ಪಂಪ್ ಮತ್ತು ಕಂಪ್ಯೂಟರಿಗೆ ಕರೆಂಟ್ ಬೇಕೇ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಿಕ್ಕೂ ಉಪಯೋಗಕ್ಕಿಲ್ಲ, ತಳ್ಳಿದರೂ ಸುಸ್ತೇ.

ಹಂತ 4: ಪೆಟ್ರೋಲ್

ಸೆಲ್ಫ್ ಚೆನ್ನಾಗಿ ತಿರುಗಿಸುತ್ತಿದೆ, ಎಂಜಿನ್ ಹತ್ತಿಕೊಳ್ಳುತ್ತಿಲ್ಲ. ಇಂಥ ಕಡೆ ನನ್ನ ಮೊದಲ ಅನುಮಾನ ಪೆಟ್ರೋಲ್ ಮೇಲೆಯೇ. ಟ್ಯಾಂಕಿನಲ್ಲಿ ತುಂಬಾ ಇದೆಯಲ್ಲ ಅಂತ ನೀವು ಹೇಳಬಹುದು. ಎಷ್ಟಿದೆ ಅನ್ನುವುದಕ್ಕಿಂತ ಅದು ಹೇಗಿದೆ ಅನ್ನುವುದು ಮುಖ್ಯ.

ಪೆಟ್ರೋಲ್ ಹಳಸುತ್ತದೆ. ಅದರಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳಿವೆ, ತಣ್ಣಗಿನ ಎಂಜಿನ್ ಹತ್ತಿಕೊಳ್ಳುವುದೇ ಅವುಗಳಿಂದ. ನಿಂತಲ್ಲಿ ಮೊದಲು ಹಾರಿಹೋಗುವುದೂ ಅವೇ. ಉಳಿದದ್ದು ಗಾಳಿ ತಾಗಿ ನಿಧಾನಕ್ಕೆ ಅಂಟಂಟಾಗುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ಇನ್ನೊಂದು ತಾಪತ್ರಯ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಒಟ್ಟಾಗಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ತಳದಿಂದಲೇ ಅಲ್ವಾ?

ಟ್ಯಾಂಕ್ ಮುಚ್ಚಳ ತೆಗೆದು ಮೂಸಿ. ಹೊಸ ಪೆಟ್ರೋಲಿನ ಚುರುಕು ವಾಸನೆ ಹೋಗಿ ಹುಳಿಹುಳಿ, ವಾರ್ನಿಶ್ ಥರ ಬರುತ್ತಿದ್ದರೆ ಅದು ಕೆಟ್ಟಿದೆ. ಟಾರ್ಚಿನಲ್ಲಿ ಒಳಗೆ ತುಕ್ಕೂ ಇದೆಯಾ ನೋಡಿ. ಮೂರು ತಿಂಗಳ ಹಳೆಯದಾದರೆ ಹೊಸದನ್ನು ಬೆರೆಸಿ ನೋಡಬಹುದು. ಆರು ತಿಂಗಳು ದಾಟಿದ್ದರೆ ಪೂರ್ತಿ ತೆಗೆದುಬಿಡಿ. ತೆಗೆದದ್ದನ್ನು ಚರಂಡಿಗೋ ಮಣ್ಣಿಗೋ ಸುರಿಯಬೇಡಿ. ಮುಚ್ಚಳವಿರುವ ಕ್ಯಾನಿನಲ್ಲಿ ಹಾಕಿ, ಹಳೇ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ.

*ಕಾರ್ಬ್ಯುರೇಟರ್ ಇರುವ ಬೈಕ್ ಆದರೆ* ಮೊದಲು ಫ್ಲೋಟ್ ಬೌಲ್ ಖಾಲಿ ಮಾಡಿ. ಇದು ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು. ಟ್ಯಾಂಕಿನ ಪೆಟ್ರೋಲ್ ಚೆನ್ನಾಗಿದ್ದರೂ ಇಲ್ಲಿಯದು ಬಹಳ ಬೇಗ ಕೆಡುತ್ತದೆ, ಯಾಕಂದ್ರೆ ಇರುವುದೇ ಚೂರು. ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಕೆಳಗಿನ ಡ್ರೈನ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಬಾಟಲಿಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿ. ನೀರಿದ್ದರೆ ಪೆಟ್ರೋಲಿನೊಂದಿಗೆ ಬೆರೆಯದೆ, ತಳದಲ್ಲಿ ಪಾದರಸದ ಹಾಗೆ ಗುಂಡುಗುಂಡಾಗಿ ಉರುಳುತ್ತದೆ. ಕಂದು ಬಣ್ಣ, ತುಕ್ಕಿನ ಪುಡಿ ಕಂಡರೂ ಹಾಗೇ ಬಿಡಬೇಡಿ, ಟ್ಯಾಂಕನ್ನೂ ತೊಳೆಯಬೇಕು.

ಈಗ ಸ್ಕ್ರೂ ಬಿಗಿ ಮಾಡಿ, ಕಾಕ್ ಆನ್ ಮಾಡಿ, ಬೌಲ್ ತುಂಬಲು ಒಂದು ನಿಮಿಷ ಬಿಡಿ. ಕೆಲವು ಬೈಕ್‌ಗಳ ಕಾಕ್ ಎಂಜಿನ್ ಎಳೆತಕ್ಕೆ ಮಾತ್ರ ತೆರೆಯುತ್ತದೆ. ಅದರಲ್ಲಿ ಪ್ರೈಮ್ ಅನ್ನುವ ಸ್ಥಾನ ಇರುತ್ತದೆ, ಬೌಲ್ ಖಾಲಿ ಇದ್ದಾಗ ಅಲ್ಲಿಗೆ ಇಟ್ಟು ತುಂಬಿಸಿ, ಸ್ಟಾರ್ಟ್ ಆದ ಮೇಲೆ ಮತ್ತೆ ಆನ್‌ಗೆ ತನ್ನಿ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕನ್ನು ಪೂರ್ತಿ ಎಳೆಯಿರಿ. ಎಕ್ಸಿಲರೇಟರ್ ಮುಟ್ಟಬೇಡಿ. ಚೋಕ್ ಹಾಕಿ ಎಕ್ಸಿಲರೇಟರ್ ಕೊಟ್ಟರೆ ಹೆಚ್ಚಿನ ಬೈಕ್‌ಗಳಲ್ಲಿ ಎಳೆತ ಕಡಿಮೆಯಾಗಿ ಚೋಕ್ ಕೆಲಸವೇ ಮಾಡುವುದಿಲ್ಲ. ಹೊಸ ಪೆಟ್ರೋಲ್ ಬೌಲಿಗೆ ಬಂದ ಮೇಲೆ ಬಹಳಷ್ಟು ಬೈಕ್‌ಗಳು ಇಲ್ಲಿಗೇ ಸ್ಟಾರ್ಟ್ ಆಗುತ್ತವೆ.

ಚೋಕ್‌ನಲ್ಲಿ ಓಡುತ್ತದೆ, ಚೋಕ್ ತೆಗೆದ ಕೂಡಲೇ ನಿಂತುಹೋಗುತ್ತದೆ ಅಂದರೆ ಪೈಲಟ್ ಜೆಟ್ ಕಟ್ಟಿದೆ. ಐಡಲ್‌ನಲ್ಲಿ, ಅಂದರೆ ಎಕ್ಸಿಲರೇಟರ್ ಕೊಡದೆ ಓಡುವಾಗ, ಪೆಟ್ರೋಲ್ ಹೋಗುವ ಸಣ್ಣ ಹಿತ್ತಾಳೆ ತೂತು ಅದು. ಅರ್ಧ ಮಿಲಿಮೀಟರ್‌ಗಿಂತಲೂ ಕಿರಿದು. ಒಣಗಿದ ಪೆಟ್ರೋಲಿನ ಅಂಟು ಮೊದಲು ಮುಚ್ಚುವುದು ಅದನ್ನೇ. ಬೌಲ್ ಬಿಚ್ಚಿ, ಜೆಟ್ ಅಳತೆಗೆ ಸರಿಯಾದ ಸ್ಕ್ರೂಡ್ರೈವರಿನಿಂದ ತೆಗೆದು, ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿಸಿ. ಆಮೇಲೆ ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿ. ಒಳಗೆ ಅಚ್ಚುಕಟ್ಟಾದ ದುಂಡನೆಯ ಬೆಳಕಿನ ಚುಕ್ಕಿ ಕಾಣಬೇಕು. ಚುಕ್ಕಿ ಅಂಕುಡೊಂಕಾಗಿದ್ದರೆ ಇನ್ನೂ ಕೊಳೆ ಇದೆ, ಮತ್ತೆ ನೆನೆಸಿ. ಸೂಜಿ, ಪಿನ್ನು, ಸ್ಟೀಲ್ ತಂತಿ ಯಾವುದನ್ನೂ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಆ ಜೆಟ್ ಮತ್ತೆ ಸರಿಹೋಗುವುದಿಲ್ಲ.

ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿಯುತ್ತಿದ್ದರೆ ಬೌಲ್ ಒಳಗೆ ತೇಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಅಂಟಿಕೊಂಡಿದೆ ಅಂತ ಅರ್ಥ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲನ್ನು ಮೆಲ್ಲಗೆ ತಟ್ಟಿ. ನಿಲ್ಲದಿದ್ದರೆ ಕಾಕ್ ಮುಚ್ಚಿ, ಬಿಚ್ಚಿ ಸ್ವಚ್ಛ ಮಾಡಿ.

*ಫ್ಯೂಯಲ್ ಇಂಜೆಕ್ಷನ್ ಬೈಕ್ ಆದರೆ* ಕೀ ಆನ್ ಮಾಡಿ, ಟ್ಯಾಂಕಿನ ಹತ್ತಿರ ಕಿವಿ ಇಡಿ. ಎರಡು ಮೂರು ಸೆಕೆಂಡ್ ಸುಂಯ್ ಅಂತ ಪಂಪ್ ಸದ್ದು ಬಂದು ನಿಲ್ಲಬೇಕು. ಬಂದರೆ ಕೀ ಆಫ್ ಆನ್ ಮೂರು ನಾಲ್ಕು ಸಲ ಮಾಡಿ, ಪೈಪಿನಲ್ಲಿ ಒತ್ತಡ ತುಂಬಿಕೊಳ್ಳುತ್ತದೆ, ಆಮೇಲೆ ಎಕ್ಸಿಲರೇಟರ್ ಮುಟ್ಟದೆ ಸೆಲ್ಫ್ ಒತ್ತಿ. ಸದ್ದೇ ಬರದಿದ್ದರೆ ಕಿಲ್ ಸ್ವಿಚ್, ಫ್ಯೂಸ್, ಪಂಪಿನ ರಿಲೇ ನೋಡಿ. ಅವೆಲ್ಲ ಸರಿ ಇದ್ದರೆ ಪಂಪ್ ಅಂಟಿನಲ್ಲಿ ಸಿಕ್ಕಿಕೊಂಡಿರಬಹುದು. ಮೀಟರಿನಲ್ಲಿ ಎಂಜಿನ್ ಚಿತ್ರದ ಲೈಟ್ ಸಣ್ಣ ಉದ್ದ ಅಂತ ಮಿನುಗುತ್ತಿದ್ದರೆ ಎಣಿಸಿ ಬರೆದಿಟ್ಟುಕೊಳ್ಳಿ, ಅದು ತೊಂದರೆಯ ಕೋಡ್. ಮೆಕ್ಯಾನಿಕ್‌ಗೆ ಅದನ್ನು ಹೇಳಿದರೆ ಅವರ ಅರ್ಧ ಹುಡುಕಾಟ ಉಳಿಯುತ್ತದೆ. ಇಂಜೆಕ್ಷನ್ ಪೈಪನ್ನು ನೀವೇ ಬಿಚ್ಚಲು ಹೋಗಬೇಡಿ, ಒಳಗೆ ಒತ್ತಡ ಇರುತ್ತದೆ, ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ.

ಹಂತ 5: ಪ್ಲಗ್

ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಧೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಸೀದಾ ಸಿಲಿಂಡರಿಗೆ ಬೀಳುತ್ತದೆ. ತೆಗೆದ ಪ್ಲಗ್ ತುದಿ ನೋಡಿ. ಅಷ್ಟು ಹೊತ್ತು ಸೆಲ್ಫ್ ಹೊಡೆದರೂ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ, ಹಂತ 4ಕ್ಕೆ ವಾಪಸ್. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಓವರ್ ಆಗಿದೆ, ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಬಂದಿದೆ, ಅಥವಾ ಕಿಡಿ ಇಲ್ಲ.

ಕಿಡಿ ನೋಡುವ ಕ್ರಮ ಹೀಗೆ. ಪ್ಲಗ್ ತೂತನ್ನು ಬಟ್ಟೆಯಿಂದ ಮುಚ್ಚಿ. ಪ್ಲಗ್ಗನ್ನು ಅದರ ಕ್ಯಾಪಿಗೆ ಹಾಕಿ, ಹಿಡಿಗೆ ರಬ್ಬರ್ ಹೊದಿಕೆ ಇರುವ ಪ್ಲಯರಿನಲ್ಲಿ ಹಿಡಿದು, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ. ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ನೆರಳಿನಲ್ಲಿ ಸೆಲ್ಫ್ ಒತ್ತಿದಾಗ ಚಟಚಟ ಅಂತ ನೀಲಿ ಕಿಡಿ ಕಾಣಬೇಕು. ಮಂಕಾದ ಹಳದಿ ಕಿಡಿ ದುರ್ಬಲ. ಪ್ಲಗ್ ಎಂಜಿನ್ನಿಗೆ ತಾಗದೆ ಕ್ಯಾಪ್ ಸುಮ್ನೆ ನೇತಾಡುತ್ತಿರುವಾಗ ಸೆಲ್ಫ್ ಹೊಡೆಯಬೇಡಿ, ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್ ಅಥವಾ ಸಿಡಿಐ ಸುಡಬಹುದು. ಸಿಡಿಐ ಅಂದರೆ ಕಿಡಿಯ ಸಮಯ ನಿರ್ಧರಿಸುವ ಎಲೆಕ್ಟ್ರಾನಿಕ್ ಡಬ್ಬಿ.

ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲದಿದ್ದರೆ ಕ್ಯಾಪ್, ವೈರು, ಕಾಯಿಲ್ ಕಡೆ ಹೋಗಬೇಕು. ಪ್ಲಗ್ ಗ್ಯಾಪ್ ಹೆಚ್ಚಿನ ಬೈಕ್‌ಗಳಲ್ಲಿ 0.6ರಿಂದ 0.9 ಮಿಲಿಮೀಟರ್ ಒಳಗೆ, ನಿಮ್ಮದು ಎಷ್ಟು ಅಂತ ಮ್ಯಾನ್ಯುಯಲ್ ನೋಡಿ. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ಹಾಕಿ. ಶುರುವಿನಿಂದಲೇ ಸ್ಪ್ಯಾನರ್ ಹಚ್ಚಿದರೆ ಥ್ರೆಡ್ ತಪ್ಪಿ, ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡೇ ಕಿತ್ತುಬರುತ್ತದೆ. ಅಲ್ಲಿಗೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಪೆಟ್ರೋಲ್ ಓವರ್ ಆಗಿದ್ದರೆ ಪ್ಲಗ್ ಒಣಗಿಸಿ ಹಾಕಿ, ಚೋಕ್ ತೆಗೆದು, ಎಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಸೆಲ್ಫ್ ಒತ್ತಿ. ಗಾಳಿ ಜಾಸ್ತಿ ಹೋಗಿ ಒಳಗಿನದು ತೆರವಾಗುತ್ತದೆ. ಹತ್ತಿಕೊಂಡ ಕ್ಷಣವೇ ಎಕ್ಸಿಲರೇಟರ್ ಬಿಡಿ.

ಹಂತ 6: ಗಾಳಿ ಹೋಗುವ ದಾರಿ, ಇಲಿಯ ಕಾಟ

ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಬೆಚ್ಚಗಿನ ಕತ್ತಲೆ ಜಾಗ ಅಂತ ಇಲಿಗಳು ಅಲ್ಲೇ ಗೂಡು ಕಟ್ಟುತ್ತವೆ. ಸೈಲೆನ್ಸರ್ ಬಾಯಿಗೂ ಟಾರ್ಚ್ ಹಾಕಿ, ಕಣಜ ಮಣ್ಣಿನ ಗೂಡು ಮಾಡಿರಬಹುದು. ಸೀಟ್ ಕೆಳಗಿನ ವೈರುಗಳನ್ನು ಉದ್ದಕ್ಕೂ ಕೈಯಾಡಿಸಿ, ಇಲಿ ಕಡಿದಿದ್ದರೆ ಬೆರಳಿಗೆ ಸಿಗುತ್ತದೆ. ಟ್ಯಾಂಕ್ ಮುಚ್ಚಳದ ಉಸಿರು ತೂತು ಕಟ್ಟಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ, ಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ಬೈಕ್ ನಿಲ್ಲುತ್ತದೆ.

ಹಂತ 7: ಎಂಜಿನ್ ತಿರುಗುತ್ತಲೇ ಇಲ್ಲ ಅಂದರೆ

ಬ್ಯಾಟರಿ ತುಂಬಿದೆ, ಸೆಲ್ಫ್ ಟಕ್ ಅನ್ನುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಪ್ಲಗ್ ತೆಗೆದು, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಚಕ್ರದ ಜೊತೆ ಎಂಜಿನ್ ತಿರುಗಿದರೆ ಒಳ್ಳೆಯದು, ತೊಂದರೆ ಟರ್ಮಿನಲ್, ರಿಲೇ ಅಥವಾ ಸ್ಟಾರ್ಟರ್ ಮೋಟರಿನದ್ದು. ತಿರುಗದಿದ್ದರೆ ಪಿಸ್ಟನ್ ರಿಂಗ್ ಸಿಲಿಂಡರಿಗೆ ತುಕ್ಕಿನಿಂದ ಅಂಟಿರಬಹುದು. ಪ್ಲಗ್ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಸ್ವಲ್ಪ ಹಾಕಿ, ಒಂದೆರಡು ದಿನ ಬಿಟ್ಟು, ಮತ್ತೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಕಿಕ್ಕರ್ ಮೇಲೆ ನಿಂತು ತುಳಿಯುವುದು, ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸುವುದು ಖಂಡಿತ ಬೇಡ. ರಿಂಗ್ ಮುರಿಯುತ್ತದೆ, ಸಿಲಿಂಡರ್ ಗೀಚುತ್ತದೆ.

ಎಂಜಿನ್ ತೀರಾ ಹಗುರವಾಗಿ ತಿರುಗುತ್ತಿದ್ದರೆ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಸೆಲ್ಫ್ ಒತ್ತಿಸಿ. ಇದನ್ನು ಮಾಡುವಾಗ ಪ್ಲಗ್ ಕ್ಯಾಪಿನಲ್ಲೇ ಇದ್ದು, ದೂರದಲ್ಲಿ ಎಂಜಿನ್ನಿಗೆ ತಾಗಿರಬೇಕು. ಬೆರಳನ್ನು ಗಾಳಿ ದಬ್ಬಬೇಕು. ದಬ್ಬದಿದ್ದರೆ ವಾಲ್ವ್ ಅಥವಾ ರಿಂಗ್ ಸಮಸ್ಯೆ. ಇಲ್ಲಿಂದ ಮುಂದಿನದು ಮೆಕ್ಯಾನಿಕ್ ಕೆಲಸ, ಮನೆಯಲ್ಲಿ ಬಿಚ್ಚಬೇಡಿ.

ಸ್ಟಾರ್ಟ್ ಆಯಿತು, ಹೊರಡುವ ಮೊದಲು

ಆಯಿಲ್ ಲೈಟ್ ಇದ್ದರೆ ಅದು ಆರಿತಾ ನೋಡಿ. ಕೂಡಲೇ ಜೋರಾಗಿ ರೇಸ್ ಮಾಡಬೇಡಿ, ತಿಂಗಳುಗಟ್ಟಲೆ ಕೆಳಗಿಳಿದಿದ್ದ ಆಯಿಲ್ ಮೇಲಿನ ಭಾಗಗಳಿಗೆ ತಲುಪಬೇಕು. ಮೊದಲ ಒಂದೆರಡು ನಿಮಿಷ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ. ಎಂಜಿನ್ ಬಿಸಿಯಾದ ಮೇಲೆ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದು ಎಕ್ಸಿಲರೇಟರ್ ಸ್ವಲ್ಪ ಕೊಡಿ. 13.5ರಿಂದ 14.5 ವೋಲ್ಟ್ ಒಳಗೆ ಇದ್ದರೆ ಬೈಕ್ ತಾನೇ ಚಾರ್ಜ್ ಮಾಡಿಕೊಳ್ಳುತ್ತಿದೆ.

ಮೊದಲ ಗೇರ್ ಹಾಕುವಾಗ ಜೋಕೆ. ಆಯಿಲ್‌ನಲ್ಲಿ ನೆನೆದಿರುವ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕ್ಲಚ್ ಹಿಡಿದಿದ್ದರೂ ಬೈಕ್ ಮುಂದಕ್ಕೆ ನೆಗೆಯುತ್ತದೆ. ಅದಕ್ಕೆ ಎಂಜಿನ್ ಆಫ್ ಇರುವಾಗಲೇ ಗೇರ್ ಹಾಕಿ, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ ಬಿಡಿಸಿಕೊಳ್ಳಿ. ಬ್ರೇಕ್ ಎರಡೂ ಹಿಡಿದು ಬಿಡುತ್ತಿವೆಯಾ, ಟೈರಿನಲ್ಲಿ ಗಾಳಿ ಇದೆಯಾ, ಟೈರ್ ಬದಿ ಸೀಳಿದೆಯಾ, ಚೈನಿಗೆ ಎಣ್ಣೆ ಇದೆಯಾ ನೋಡಿ. ಮೊದಲ ಸವಾರಿ ಅರ್ಧ ಗಂಟೆಯಾದರೂ ಇರಲಿ, ನಿಧಾನಕ್ಕೆ.

ಮತ್ತೆ ನಿಲ್ಲಿಸುವಾಗ

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜ್ ಐದು ನಿಮಿಷದ ಐಡಲಿನಲ್ಲಿ ವಾಪಸ್ ಬರುವುದು ಕಷ್ಟ. ಎಂಜಿನ್ ಪೂರ್ತಿ ಬಿಸಿಯಾಗದ ಕಾರಣ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರು ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ಓಡಿಸಿ, ಇಲ್ಲವೇ ಸುಮ್ನೆ ಬಿಡಿ.

ನಿಲ್ಲಿಸುವ ಮೊದಲು ಆಯಿಲ್ ಬದಲಿಸಿ. ಲೋಹದ ಟ್ಯಾಂಕ್ ಆದರೆ ಪೂರ್ತಿ ತುಂಬಿಸಿ, ಗಾಳಿಗೆ ಜಾಗ ಇಲ್ಲದಿದ್ದರೆ ತುಕ್ಕೂ ತೇವವೂ ಕಡಿಮೆ. ಜೊತೆಗೆ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ ಹತ್ತು ನಿಮಿಷ ಓಡಿಸಿ, ಅದು ಕಾರ್ಬ್ಯುರೇಟರ್ ಅಥವಾ ಇಂಜೆಕ್ಟರ್ ತನಕ ತಲುಪಲಿ. ಕಾರ್ಬ್ಯುರೇಟರ್ ಬೈಕ್‌ನಲ್ಲಿ ಆಮೇಲೆ ಕಾಕ್ ಮುಚ್ಚಿ ಬೌಲ್ ಖಾಲಿ ಮಾಡಿ. ಬ್ಯಾಟರಿ ಬಿಚ್ಚಿ ಒಣ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದೇ ಬಟ್ಟೆಯ ಒಂದು ತುಂಡನ್ನು ಕೀಗೂ ಕಟ್ಟಿಡಿ. ಸ್ಟಾರ್ಟ್ ಮಾಡುವ ದಿನ ಅದನ್ನು ತೆಗೆಯಲು ಮರೆಯುವುದಿಲ್ಲ.